ಕೋವಿಗೆ ತಕ್ಕ ಗುರಿ ದುರ್ಬೀನು: ಆಯ್ಕೆ ಹೇಗೆ?

ಕೊಡಗು ಮತ್ತು ಮಲೆನಾಡಿನ ಬೇಸಾಯಗಾರರ ಮನೆಗಳಲ್ಲಿ ಕೋವಿ ಹೊಸದೇನಲ್ಲ. ಕೊಡಗಿನಲ್ಲಿ ನಾಟಿ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳಿಗೆ ಪೂಜೆ ಸಲ್ಲಿಸಿ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ವಾಡಿಕೆ ಹಿಂದಿನಿಂದಲೂ ನಡೆದುಬಂದಿದೆ. ಈಗ ಊರೂರುಗಳಲ್ಲಿ 0.22 ರೈಫಲ್, 12 ಬೋರ್ ಕೋವಿ ಮತ್ತು ಏರ್ ರೈಫಲ್‌ಗಳ ಸ್ಪರ್ಧೆಗಳೂ ಏರ್ಪಡುತ್ತಿವೆ. ಇದರೊಡನೆ ಕೋವಿಯ ಮೇಲೆ ಕೂರಿಸುವ ಗುರಿ ದುರ್ಬೀನು, ಅಂದರೆ ಸಾಮಾನ್ಯವಾಗಿ ಸ್ಕೋಪ್ ಎಂದು ಕರೆಯುವ ಸಾಧನವನ್ನು ಕೊಳ್ಳುವವರ ಸಂಖ್ಯೆಯೂ ಬೆಳೆದಿದೆ.

ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಇದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು. ಹೆಚ್ಚು ದೊಡ್ಡದಾಗಿ ತೋರಿಸುವುದೇ ಹೆಚ್ಚು ಒಳ್ಳೆಯದು ಎಂಬ ಭಾವನೆಯಿಂದ ಅನೇಕರು ದುಬಾರಿ ಬೆಲೆ ತೆತ್ತು, ತಮ್ಮ ಕೆಲಸಕ್ಕೆ ಒದಗದ ದುರ್ಬೀನನ್ನು ಮನೆಗೆ ತರುತ್ತಾರೆ. ಇದು ಹಣದ ನಷ್ಟವಷ್ಟೇ ಆದರೆ ಸಹಿಸಿಕೊಳ್ಳಬಹುದು. ತೋಟದ ಮಬ್ಬು ಬೆಳಕಿನಲ್ಲಿ ತಪ್ಪು ದುರ್ಬೀನು ಮನುಷ್ಯನ ಪ್ರಾಣಕ್ಕೇ ಎರವಾಗಬಹುದು. ಆದುದರಿಂದ ದುರ್ಬೀನಿನ ಗುಣಗಳನ್ನು ತಿಳಿದು, ಹೊಡೆಯುವ ದೂರ, ಬೆಳಕು ಮತ್ತು ಕೋವಿಯ ಜಾತಿಗೆ ಅನುಗುಣವಾಗಿ ಆರಿಸುವುದು ಅವಶ್ಯಕ.

ಮೊದಲು ಕೋವಿಯನ್ನು ನೋಡಿರಿ

ಎಲ್ಲ ಕೋವಿಗಳಿಗೂ ದುರ್ಬೀನು ಬೇಕಾಗುವುದಿಲ್ಲ. ಕೇಪಿನ ಕೋವಿ ಮತ್ತು ಚರೆ ಹಾರಿಸುವ 12 ಬೋರ್ ತೋಟಾ ಕೋವಿಗಳ ನಳಿಗೆ ಒಳಗಡೆ ನುಣುಪಾಗಿರುತ್ತದೆ. ಇವುಗಳಿಂದ ಹೊರಟ ಚರೆ ಹರಡಿಕೊಂಡು ಹೋಗುವುದರಿಂದ ಸುಮಾರು 30 ರಿಂದ 35 ಮೀಟರಿನಾಚೆ ಅದರ ಪರಿಣಾಮ ತೀರ ಕಡಿಮೆ. ಇಂತಹ ಕೋವಿಗೆ ನಳಿಗೆಯ ತುದಿಯ ಮಣಿಯೇ ಸಾಕು. ದುರ್ಬೀನು ಕೂರಿಸಿದರೆ ತೂಕ ಹೆಚ್ಚುವುದಲ್ಲದೆ ಬೇರೆ ಲಾಭವಿಲ್ಲ.

ರೈಫಲ್‌ನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಇವು ಗುಂಡನ್ನು ತಿರುಗಿಸಿ ನೇರವಾಗಿ ಕಳುಹಿಸುವುದರಿಂದ ನಿಖರವಾದ ಗುರಿಗೆ ಬೆಲೆ ಬರುತ್ತದೆ. 0.22 ರೈಫಲ್, 0.315 ಮುಂತಾದ ದೊಡ್ಡ ರೈಫಲ್‌ಗಳು ಮತ್ತು ಏರ್ ರೈಫಲ್‌ಗಳು ಈ ಗುಂಪಿಗೆ ಸೇರುತ್ತವೆ. ಹಳೆಯ ರೈಫಲ್‌ಗಳಲ್ಲಿ ದುರ್ಬೀನು ಕೂರಿಸಲು ಬೇಕಾದ ಹಳಿ ಇಲ್ಲದಿರಬಹುದು. ಅಂತಹವುಗಳಿಗೆ ಊರಿನ ಕಮ್ಮಾರರಿಂದ ರಂಧ್ರ ಕೊರೆಸುವುದು ಅಪಾಯಕರ. ಪರವಾನಗಿ ಹೊಂದಿದ ಕೋವಿ ರಿಪೇರಿಯವರಿಂದಲೇ ಈ ಕೆಲಸ ಮಾಡಿಸತಕ್ಕದ್ದು.

ದುರ್ಬೀನಿನ ಮೇಲಿನ ಅಂಕಿಗಳು

ದುರ್ಬೀನಿನ ಮೇಲೆ 4×32 ಅಥವಾ 3-9×40 ಎಂಬಂತಹ ಅಂಕಿಗಳನ್ನು ಬರೆದಿರುತ್ತಾರೆ. ಮೊದಲ ಅಂಕಿ ವರ್ಧನ ಶಕ್ತಿಯನ್ನೂ ಎರಡನೆಯದು ಮುಂದಿನ ಮಸೂರದ ಅಗಲವನ್ನು ಮಿಲಿಮೀಟರಿನಲ್ಲೂ ತಿಳಿಸುತ್ತದೆ. 4×32 ಎಂದರೆ ವಸ್ತು 4 ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಮಸೂರ 32 ಮಿ.ಮೀ. ಅಗಲವಿದೆ ಎಂದು ಅರ್ಥ. 100 ಮೀಟರ್ ದೂರದಲ್ಲಿರುವ ವಸ್ತು 25 ಮೀಟರ್ ದೂರದಲ್ಲಿರುವಂತೆ ಕಾಣುತ್ತದೆ. 3-9×40 ಎಂಬುದರಲ್ಲಿ ಶಕ್ತಿಯನ್ನು 3 ರಿಂದ 9 ಪಟ್ಟಿನವರೆಗೆ ಬದಲಾಯಿಸಿಕೊಳ್ಳಬಹುದು.

ಶಕ್ತಿ ಹೆಚ್ಚಿದಷ್ಟೂ ಗುರಿಯೊಡನೆ ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ. ನಿಂತುಕೊಂಡು, ಆಸರೆಯಿಲ್ಲದೆ ಹೊಡೆಯುವವನಿಗೆ 9 ಪಟ್ಟಿನ ದುರ್ಬೀನಿನಲ್ಲಿ ಗುರಿಗೆರೆ ಒಂದು ಕ್ಷಣವೂ ನಿಲ್ಲದು. ನಡುಕವನ್ನು ನೋಡಿ ಗಾಬರಿಗೊಂಡು ಅವಸರದಿಂದ ಟ್ರಿಗರ್ ಎಳೆಯುವುದು ಹೊಸಬರಲ್ಲಿ ಸಾಮಾನ್ಯ. ಮರಳಿನ ಚೀಲದ ಮೇಲೆ ಕೋವಿಯನ್ನಿಟ್ಟು ಹೊಡೆಯುವವರಿಗೆ ಮಾತ್ರ ಹೆಚ್ಚಿನ ಶಕ್ತಿಯ ಪ್ರಯೋಜನ ದೊರೆಯುತ್ತದೆ.

ನೋಟದ ಹರವು

ಶಕ್ತಿ ಹೆಚ್ಚಿದಂತೆ ದುರ್ಬೀನಿನೊಳಗೆ ಕಾಣುವ ಜಾಗ ಕಿರಿದಾಗುತ್ತದೆ. ಸಾಮಾನ್ಯ 4 ಪಟ್ಟಿನ ದುರ್ಬೀನಿನಲ್ಲಿ 100 ಮೀಟರ್ ದೂರದಲ್ಲಿ ಸುಮಾರು 9 ಮೀಟರ್ ಅಗಲದ ಜಾಗ ಕಾಣುತ್ತದೆ. 9 ಪಟ್ಟಿಗೆ ತಿರುಗಿಸಿದಾಗ ಇದು ಸುಮಾರು 4 ಮೀಟರಿಗೆ ಇಳಿಯುತ್ತದೆ. ಕಾಫಿ ಅಥವಾ ಏಲಕ್ಕಿ ತೋಟದಲ್ಲಿ ನೋಟ ದೊರೆಯುವುದು 40 ಮೀಟರಿನಷ್ಟು ದೂರಕ್ಕೆ ಎಂದುಕೊಂಡರೆ, 9 ಪಟ್ಟಿನಲ್ಲಿ ಕಾಣುವ ಅಗಲ ಕೇವಲ 1.6 ಮೀಟರ್. ಗುರಿಯಿಂದ ಎರಡು ಹೆಜ್ಜೆ ಪಕ್ಕದಲ್ಲಿ ಕಳೆ ಕೀಳುತ್ತಿರುವ ಆಳು ಆ ವೃತ್ತದೊಳಗೆ ಬರುವುದೇ ಇಲ್ಲ. ಕಡಿಮೆ ಶಕ್ತಿಯ ದುರ್ಬೀನಿನಲ್ಲಿ ಗುರಿಯ ಸುತ್ತಮುತ್ತಲೂ ಕಣ್ಣಿಗೆ ಬೀಳುತ್ತದೆ. ತೋಟದಂತಹ ಮುಚ್ಚಿದ ಜಾಗದಲ್ಲಿ ಹೆಚ್ಚು ಶಕ್ತಿ ಬೇಡವೆನ್ನಲು ಇದೇ ಮುಖ್ಯ ಕಾರಣ.

ಬೆಳಕಿನ ಬಿಲ್ಲೆ

ದುರ್ಬೀನನ್ನು ಕೈ ಚಾಚಿ ಹಿಡಿದು ನೋಡಿದರೆ ಹಿಂದಿನ ಮಸೂರದಲ್ಲಿ ಒಂದು ಬೆಳಕಿನ ಬಿಲ್ಲೆ ಕಾಣುತ್ತದೆ. ಇದರ ಅಗಲವನ್ನು ಲೆಕ್ಕ ಹಾಕುವುದು ಸುಲಭ. ಮುಂದಿನ ಮಸೂರದ ಅಗಲವನ್ನು ಶಕ್ತಿಯಿಂದ ಭಾಗಿಸಿದರಾಯಿತು. 4×32ರಲ್ಲಿ ಇದು 8 ಮಿ.ಮೀ.; 40 ಮಿ.ಮೀ. ಮಸೂರದ ದುರ್ಬೀನು 9 ಪಟ್ಟಿನಲ್ಲಿರುವಾಗ ಸುಮಾರು 4.4 ಮಿ.ಮೀ.

ಮನುಷ್ಯನ ಕಣ್ಣಿನ ಪಾಪೆ ಬಿಸಿಲಿನಲ್ಲಿ 2 ರಿಂದ 3 ಮಿ.ಮೀ.ಗೆ ಕುಗ್ಗಿ, ಕತ್ತಲಿನಲ್ಲಿ ಯುವಕರಲ್ಲಿ ಸುಮಾರು 7 ಮಿ.ಮೀ.ವರೆಗೆ ಹಿಗ್ಗುತ್ತದೆ. ವಯಸ್ಸಾದಂತೆ ಹಿಗ್ಗುವ ಪ್ರಮಾಣ ಕಡಿಮೆಯಾಗುತ್ತದೆ. ಹಗಲು ಹೊತ್ತಿನಲ್ಲಿ ಮಾತ್ರ ಹೊಡೆಯುವವರು ಬಿಲ್ಲೆಯ ಬಗ್ಗೆ ಚಿಂತಿಸಬೇಕಾಗಿಲ್ಲ. ಸಂಜೆಯ ಮಬ್ಬಿನಲ್ಲಿ ಬಳಸುವವರು 5 ರಿಂದ 7 ಮಿ.ಮೀ. ಬಿಲ್ಲೆ ದೊರೆಯುವಂತೆ ಆರಿಸಿಕೊಳ್ಳಬೇಕು. ಶಕ್ತಿ ಬದಲಾಯಿಸುವ ದುರ್ಬೀನಾದರೆ ಸಂಜೆಯಾದಂತೆ ಶಕ್ತಿಯನ್ನು ತಗ್ಗಿಸಿದರೆ ನೋಟ ಬೆಳಗುತ್ತದೆ. ಮಸೂರಗಳ ಮೇಲಿನ ಲೇಪನ ಕಳಪೆಯಾಗಿದ್ದರೆ ಮಾತ್ರ ಎಷ್ಟು ದೊಡ್ಡ ಮಸೂರವಿದ್ದರೂ ಚಿತ್ರ ಮಸುಕಾಗಿಯೇ ಇರುತ್ತದೆ.

ಕಣ್ಣಿನ ಅಂತರ

ಪೂರ್ತಿ ಚಿತ್ರ ಕಾಣಬೇಕಾದರೆ ಕಣ್ಣನ್ನು ಹಿಂದಿನ ಮಸೂರದಿಂದ ಒಂದು ನಿರ್ದಿಷ್ಟ ದೂರದಲ್ಲಿಡಬೇಕು. ಇದು ಸಾಮಾನ್ಯವಾಗಿ 8 ರಿಂದ 10 ಸೆಂ.ಮೀ. ಇರುತ್ತದೆ. 0.22 ರೈಫಲ್‌ನ ಹಿಂದೊದೆತ ಅಲ್ಪವಾದ್ದರಿಂದ ಸ್ವಲ್ಪ ಕಡಿಮೆಯಿದ್ದರೂ ನಡೆಯುತ್ತದೆ. ದೊಡ್ಡ ರೈಫಲ್‌ಗಳಲ್ಲಿ ಈ ಅಂತರ ಕಡಿಮೆಯಾದರೆ ಗುಂಡು ಹೊರಟೊಡನೆ ದುರ್ಬೀನಿನ ಅಂಚು ಹುಬ್ಬಿಗೆ ಬಡಿದು ಗಾಯವಾಗುತ್ತದೆ. ಕನ್ನಡಕ ಧರಿಸುವವರು ಹೆಚ್ಚಿನ ಅಂತರವಿರುವುದನ್ನೇ ಕೇಳಿ ಪಡೆಯಬೇಕು.

ಗುರಿಗೆರೆ ಮತ್ತು ಪ್ಯಾರಲ್ಯಾಕ್ಸ್

ದುರ್ಬೀನಿನೊಳಗೆ ಕಾಣುವ ಅಡ್ಡ ಮತ್ತು ಉದ್ದ ಗೆರೆಗಳನ್ನು ಗುರಿಗೆರೆ ಎನ್ನಬಹುದು. ಕಾಗದದ ಗುರಿಗೆ ಸಣ್ಣ ಗೆರೆ ಉತ್ತಮ. ಮಬ್ಬಿನಲ್ಲಿ ಸಣ್ಣ ಗೆರೆ ಕಾಣದೆ ಹೋಗುವುದರಿಂದ, ಅಂಚಿನಲ್ಲಿ ದಪ್ಪವಾಗಿದ್ದು ನಡುವೆ ತೆಳ್ಳಗಾಗುವ ಗೆರೆ ಎಲ್ಲ ಕೆಲಸಕ್ಕೂ ಸೂಕ್ತ. ಗೆರೆಯ ಮೇಲೆ ಚುಕ್ಕೆಗಳಿರುವ ಮಾದರಿಗಳನ್ನು ದೂರ ಅಳೆಯಲು ಬಳಸುತ್ತಾರೆ. ಆದರೆ ಶಕ್ತಿ ಬದಲಾಯಿಸುವ ಸಾಮಾನ್ಯ ದುರ್ಬೀನುಗಳಲ್ಲಿ ಈ ಚುಕ್ಕೆಗಳ ಅಳತೆ ಒಂದು ನಿರ್ದಿಷ್ಟ ಶಕ್ತಿಯಲ್ಲಿ ಮಾತ್ರ ಸರಿಯಾಗಿರುತ್ತದೆ ಎಂಬುದನ್ನು ಮರೆಯಬಾರದು.

ಕೋವಿಯನ್ನು ಅಲುಗಾಡಿಸದೆ ಕಣ್ಣನ್ನು ಮಾತ್ರ ಸ್ವಲ್ಪ ಅತ್ತಿತ್ತ ಸರಿಸಿದಾಗ ಗುರಿಗೆರೆಯೂ ಗುರಿಯ ಮೇಲೆ ಸರಿದಂತೆ ಕಂಡರೆ ಅದನ್ನು ಪ್ಯಾರಲ್ಯಾಕ್ಸ್ ದೋಷ ಎನ್ನುತ್ತಾರೆ. ತಯಾರಕರು ಒಂದು ನಿರ್ದಿಷ್ಟ ದೂರಕ್ಕೆ ಈ ದೋಷ ಇಲ್ಲದಂತೆ ಹೊಂದಿಸಿರುತ್ತಾರೆ. ದೊಡ್ಡ ರೈಫಲ್‌ಗಳ ದುರ್ಬೀನುಗಳಲ್ಲಿ ಇದು ಸಾಮಾನ್ಯವಾಗಿ 100 ಗಜ ಅಥವಾ ಅದಕ್ಕಿಂತ ಹೆಚ್ಚು. 0.22 ರೈಫಲ್‌ಗೆಂದೇ ಮಾಡಿದವುಗಳಲ್ಲಿ 50 ರಿಂದ 60 ಗಜ. 100 ಗಜಕ್ಕೆ ಹೊಂದಿಸಿದ, 32 ಮಿ.ಮೀ. ಮಸೂರದ ದುರ್ಬೀನನ್ನು ಏರ್ ರೈಫಲ್ ಮೇಲೆ ಕೂರಿಸಿ 10 ಮೀಟರ್ ದೂರಕ್ಕೆ ಗುರಿಯಿಟ್ಟರೆ, ಕಣ್ಣು ಪೂರ್ತಿ ಒಂದು ಪಕ್ಕಕ್ಕೆ ಸರಿದಾಗ ಗುಂಡು ಸುಮಾರು 14 ಮಿ.ಮೀ.ವರೆಗೆ ತಪ್ಪಬಹುದು. ಅಂತರರಾಷ್ಟ್ರೀಯ 10 ಮೀಟರ್ ಏರ್ ರೈಫಲ್ ಗುರಿಯ ಒಟ್ಟು ಅಗಲವೇ 45.5 ಮಿ.ಮೀ. ಎಂಬುದನ್ನು ನೆನೆದರೆ ಈ ತಪ್ಪು ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಏರ್ ರೈಫಲ್‌ಗೆ 10 ಮೀಟರಿನಿಂದ ಹೊಂದಿಸಿಕೊಳ್ಳಬಹುದಾದ ದುರ್ಬೀನನ್ನೇ ಕೊಳ್ಳಬೇಕು.

ಯಾವ ಕೆಲಸಕ್ಕೆ ಯಾವುದು?

1. 10 ಮೀಟರ್ ಮತ್ತು 50 ಮೀಟರ್ ರೈಫಲ್ ಸ್ಪರ್ಧೆ: ಒಲಿಂಪಿಕ್ ಮಾದರಿಯ ಈ ಸ್ಪರ್ಧೆಗಳಲ್ಲಿ ದುರ್ಬೀನಿಗೆ ಅವಕಾಶವೇ ಇಲ್ಲ. ಸಣ್ಣ ತೂತಿನ ಮೂಲಕ ನೋಡುವ ಪೀಪ್ ಸೈಟ್ ಬಳಸಬೇಕು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದುದೂ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಪಡೆದುದೂ ದುರ್ಬೀನಿಲ್ಲದೆಯೇ. ಮಕ್ಕಳನ್ನು ಈ ಕ್ರೀಡೆಗೆ ಸೇರಿಸಬೇಕೆನ್ನುವ ಪೋಷಕರು ದುರ್ಬೀನಿಗೆ ಹಾಕುವ ಹಣವನ್ನು ತರಬೇತಿಗೆ ಬಳಸುವುದು ಲೇಸು.

2. ಏರ್ ರೈಫಲ್‌ನಿಂದ 10 ರಿಂದ 40 ಮೀಟರ್ ಅಭ್ಯಾಸ: 4×32 ಅಥವಾ 3-9×40 ಸಾಕು. ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಪಿಸ್ಟನ್ ಮುಂದಕ್ಕೆ ಬಡಿಯುವುದರಿಂದ ಕೋವಿ ಮೊದಲು ಹಿಂದಕ್ಕೂ ಅನಂತರ ಮುಂದಕ್ಕೂ ಅದುರುತ್ತದೆ. ಹಿಂದೊದೆತವನ್ನು ಮಾತ್ರ ತಡೆಯುವಂತೆ ಮಾಡಿದ ಬೆಲೆಬಾಳುವ ದುರ್ಬೀನುಗಳೂ ಇದರಿಂದ ಕೆಡುತ್ತವೆ. ಏರ್ ರೈಫಲ್‌ಗೆ ತಕ್ಕುದೆಂದು ತಯಾರಕರು ತಿಳಿಸಿರುವುದನ್ನೇ ಆರಿಸಿ, ದುರ್ಬೀನು ಹಿಂದಕ್ಕೆ ಜಾರದಂತೆ ತಡೆಗೂಟ ಹಾಕಿಸಬೇಕು.

3. 0.22 ರೈಫಲ್‌ನಿಂದ ತೆಂಗಿನಕಾಯಿ ಸ್ಪರ್ಧೆ: ಸುಲಿದ ಕಾಯಿಯ ಅಗಲ ಸುಮಾರು 12 ಸೆಂ.ಮೀ. ಎಂದುಕೊಂಡರೆ, 50 ಮೀಟರ್ ದೂರದ ಕಾಯಿ 4 ಪಟ್ಟಿನ ದುರ್ಬೀನಿನಲ್ಲಿ 12.5 ಮೀಟರ್ ದೂರದಲ್ಲಿರುವಂತೆ ಕಾಣುತ್ತದೆ. ನಿಂತು ಹೊಡೆಯುವವರಿಗೆ ಇದಕ್ಕಿಂತ ಹೆಚ್ಚಿನ ಅಗತ್ಯ ಬೀಳದು. 50 ಗಜಕ್ಕೆ ಹೊಂದಿಸಿದ 4×32 ಅಥವಾ 2-7×32 ಯೋಗ್ಯ. ಸ್ಪರ್ಧೆಯ ನಿಯಮದಲ್ಲಿ ದುರ್ಬೀನಿಗೆ ಅವಕಾಶವಿದೆಯೇ ಎಂಬುದನ್ನು ಏರ್ಪಡಿಸುವವರಿಂದ ಮುಂಚಿತವಾಗಿ ಕೇಳಿ ತಿಳಿಯಬೇಕು.

4. ಬೆಳೆ ರಕ್ಷಣೆಗಾಗಿ ಲಿಖಿತ ಅನುಮತಿ ಪಡೆದವರಿಗೆ: ದೂರ ಕಡಿಮೆ, ಬೆಳಕು ಮಂದ. 1.5-6×42ರಂತಹ ಕಡಿಮೆ ಶಕ್ತಿಯ, ಹರವಾದ ನೋಟದ ದುರ್ಬೀನು ಇಲ್ಲಿ ಒದಗುತ್ತದೆ. 6 ಪಟ್ಟಿನಲ್ಲಿಯೂ ಇದರ ಬಿಲ್ಲೆ 7 ಮಿ.ಮೀ. ಇರುತ್ತದೆ.

ಅಳವಡಿಕೆ ಮತ್ತು ಗುರಿ ಸರಿಪಡಿಸುವಿಕೆ

ದುರ್ಬೀನಿನ ಕೊಳವೆಯ ಅಗಲ ಸಾಮಾನ್ಯವಾಗಿ 25.4 ಮಿ.ಮೀ. ಅಥವಾ 30 ಮಿ.ಮೀ. ಇರುತ್ತದೆ. ಅದಕ್ಕೆ ಸರಿಹೊಂದುವ ಬಳೆಗಳನ್ನೇ ತರಬೇಕು. ಅನೇಕ 0.22 ಮತ್ತು ಏರ್ ರೈಫಲ್‌ಗಳ ಮೇಲೆ 11 ಮಿ.ಮೀ. ಹಳಿ ಇರುತ್ತದೆ. ಅಗ್ಗದ ಬಳೆಗಳು ಸಡಿಲಗೊಂಡರೆ ಎಂತಹ ದುರ್ಬೀನೂ ಗುರಿ ತಪ್ಪುತ್ತದೆ. ದುರ್ಬೀನಿಗೆ ಸ್ವಲ್ಪ ಕಡಿಮೆ ಖರ್ಚು ಮಾಡಿಯಾದರೂ ಗಟ್ಟಿಯಾದ ಬಳೆಗಳನ್ನು ಕೊಳ್ಳುವುದು ಒಳ್ಳೆಯದು.

ಕೂರಿಸಿದ ಮೇಲೆ ಗುರಿ ಸರಿಪಡಿಸುವುದು ಅಗತ್ಯ. ಮಾನ್ಯತೆ ಪಡೆದ ಶೂಟಿಂಗ್ ರೇಂಜಿನಲ್ಲಿ, ಗುಂಡನ್ನು ತಡೆಯುವ ಮಣ್ಣಿನ ದಿಬ್ಬದ ಮುಂದೆ ಮಾತ್ರ ಇದನ್ನು ಮಾಡಬೇಕು. ಅನುಸರಿಸಬೇಕಾದ ಕ್ರಮ ಹೀಗಿದೆ:

ಕೋವಿಯನ್ನು ಮರಳಿನ ಚೀಲದ ಮೇಲಿಟ್ಟು, ಮೊದಲು 25 ಮೀಟರ್ ದೂರದಿಂದ ಕಾಗದದ ಮೇಲೆ 3 ಗುಂಡು ಹೊಡೆಯಬೇಕು. ಒಂದೇ ಗುಂಡಿನ ಗುರುತನ್ನು ನೋಡಿ ತಿರುಪು ತಿರುಗಿಸಬಾರದು. ಮೂರರ ನಡುಬಿಂದುವನ್ನು ಲೆಕ್ಕಕ್ಕೆ ಹಿಡಿಯಬೇಕು. ಅನಂತರ 50 ಮೀಟರಿಗೆ ಹೋಗಬೇಕು. ಅನೇಕ ದುರ್ಬೀನುಗಳಲ್ಲಿ ತಿರುಪಿನ ಒಂದು ಟಿಕ್ ಎಂದರೆ ಕಾಲು ಮಿನಿಟ್ ಕೋನ. ಇದು 100 ಮೀಟರಿನಲ್ಲಿ ಸುಮಾರು 7.3 ಮಿ.ಮೀ., 50 ಮೀಟರಿನಲ್ಲಿ ಸುಮಾರು 3.6 ಮಿ.ಮೀ. ಆಗುತ್ತದೆ. ಉದಾಹರಣೆಗೆ, 50 ಮೀಟರಿನಲ್ಲಿ ಗುಂಡುಗಳು 5 ಸೆಂ.ಮೀ. ಕೆಳಗೆ ಮತ್ತು 3 ಸೆಂ.ಮೀ. ಬಲಕ್ಕೆ ಬಿದ್ದಿದ್ದರೆ, ಮೇಲಕ್ಕೆ 14 ಟಿಕ್, ಎಡಕ್ಕೆ 8 ಟಿಕ್ ತಿರುಗಿಸಬೇಕು. ಮತ್ತೆ 3 ಗುಂಡು ಹೊಡೆದು ಖಚಿತಪಡಿಸಿಕೊಳ್ಳಬೇಕು.

50 ಮೀಟರಿಗೆ ಸರಿಪಡಿಸಿದ 0.22 ರೈಫಲ್‌ನ ಗುಂಡು 100 ಮೀಟರಿನಲ್ಲಿ ಸುಮಾರು ಒಂದು ಗೇಣಿನಷ್ಟು ಕೆಳಗೆ ಬೀಳುತ್ತದೆ. ದುರ್ಬೀನು ಗುರಿಯನ್ನು ಹತ್ತಿರ ತಂದು ತೋರಿಸಿದರೂ ಗುಂಡಿಗೆ ದೂರ ಕಡಿಮೆಯಾಗುವುದಿಲ್ಲ. ತೋಟಾದ ತಯಾರಿಕೆ ಬದಲಾದರೆ ಗುರಿಯನ್ನು ಮತ್ತೆ ಪರೀಕ್ಷಿಸಬೇಕು.

ಮಳೆಗಾಲದಲ್ಲಿ ರಕ್ಷಣೆ

ಮಲೆನಾಡಿನ ಮಳೆ ಮತ್ತು ತೇವ ದುರ್ಬೀನಿನ ದೊಡ್ಡ ಶತ್ರು. ಒಳಗೆ ನೈಟ್ರೋಜನ್ ತುಂಬಿ ಭದ್ರವಾಗಿ ಮುಚ್ಚಿದ ದುರ್ಬೀನಿನ ಒಳಮಸೂರಕ್ಕೆ ಮಂಜು ಹಿಡಿಯುವುದಿಲ್ಲ. ಕೊಳ್ಳುವಾಗ ಈ ವಿಷಯವನ್ನು ಕೇಳಿ ತಿಳಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚೀಲದಲ್ಲಿ ಕಟ್ಟಿಟ್ಟರೆ ಮಸೂರದ ಮೇಲೆ ಬೂಷ್ಟು ಬೆಳೆದು ಲೇಪನವನ್ನು ತಿನ್ನುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳೊಡನೆ ಇಟ್ಟು, ಹರಳುಗಳನ್ನು ಆಗಾಗ ಒಣಗಿಸುತ್ತಿರಬೇಕು. ಮಸೂರವನ್ನು ಅಂಗಿಯ ತುದಿಯಿಂದ ಒರೆಸಬಾರದು. ಮೊದಲು ಧೂಳನ್ನು ಮೆದು ಕುಂಚದಿಂದ ತೆಗೆದು, ಅನಂತರ ಮಸೂರದ ಬಟ್ಟೆಯಿಂದ ಹಗುರವಾಗಿ ಒರೆಸಬೇಕು.

ಕಾನೂನು ಮತ್ತು ಸುರಕ್ಷತೆ

ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಷರತ್ತುಗಳೊಡನೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮುಂದುವರಿಸಿ, 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಉಳಿದವರು 1959ರ ಆಯುಧ ಕಾಯ್ದೆಯಂತೆ ಪರವಾನಗಿ ಪಡೆಯಲೇಬೇಕು. 2016ರ ಆಯುಧ ನಿಯಮಗಳ ಪ್ರಕಾರ 0.177 ಅಂಗುಲಕ್ಕಿಂತ ದೊಡ್ಡ ನಳಿಗೆಯ ಅಥವಾ 20 ಜೂಲ್‌ಗಿಂತ ಹೆಚ್ಚು ಶಕ್ತಿಯ ಏರ್ ರೈಫಲ್‌ಗೂ ಪರವಾನಗಿ ಬೇಕು.

ಕೋವಿಯ ಪರವಾನಗಿ ಅಥವಾ ವಿನಾಯಿತಿ ಬೇಟೆಯ ಅನುಮತಿಯಾಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ, ಬೆಳೆ ಹಾಳುಮಾಡುವ ಕಾಡುಹಂದಿಯ ಮೇಲೂ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಗುಂಡು ಹಾರಿಸುವುದು ಅಪರಾಧ. ಬೆಳೆ ನಷ್ಟವಾದಾಗ ಹತ್ತಿರದ ಅರಣ್ಯ ಕಚೇರಿಗೆ ದೂರು ಕೊಡುವುದು ಮೊದಲ ಹೆಜ್ಜೆ.

ಎಲ್ಲಕ್ಕಿಂತ ಮುಖ್ಯವಾಗಿ, ಗುರಿ ದುರ್ಬೀನನ್ನು ನೋಡುವ ದುರ್ಬೀನಾಗಿ ಬಳಸಬಾರದು. ಪೊದೆಯ ಹಿಂದೆ ಅಲುಗಾಡಿದ್ದು ಏನೆಂದು ನೋಡಲು ಕೋವಿಯನ್ನೇ ಎತ್ತಿದರೆ, ಅಲ್ಲಿರುವುದು ಸೌದೆಗೆ ಬಂದ ಹೆಂಗಸಾಗಿದ್ದರೂ ತುಂಬಿದ ನಳಿಗೆ ಅವಳ ಎದೆಗೇ ಗುರಿಯಾಗಿರುತ್ತದೆ. ನೋಡಲು ಬೇರೆ ಬೈನಾಕ್ಯುಲರ್ ಇಟ್ಟುಕೊಂಡು, ಏನೆಂದು ಖಚಿತವಾದ ಮೇಲೆಯೇ ಕೋವಿಯನ್ನು ಭುಜಕ್ಕೆ ತರಬೇಕು. ಸಂಶಯವಿದ್ದಲ್ಲಿ ಗುಂಡು ಹಾರಿಸಲೇಬಾರದು. 0.22 ರೈಫಲ್‌ನ ಸಣ್ಣ ಗುಂಡು ಕೂಡ 1.5 ಕಿ.ಮೀ. ದೂರದವರೆಗೆ ಅಪಾಯಕಾರಿ. ಮರದ ಮೇಲಿನ ಕಾಯಿಗೆ ತಪ್ಪಿದ ಗುಂಡು ಎಲ್ಲಿ ಹೋಗಿ ಬೀಳುತ್ತದೆ ಎಂಬುದನ್ನು ಹೊಡೆಯುವ ಮುನ್ನವೇ ಯೋಚಿಸಿರಬೇಕು.

ಕೊಳ್ಳುವ ಮುನ್ನ

1. ತಾನು ಹೆಚ್ಚಾಗಿ ಹೊಡೆಯುವ ದೂರ ಎಷ್ಟು, ನಿಂತೇ ಅಥವಾ ಆಸರೆಯಿಟ್ಟೇ ಎಂಬುದನ್ನು ಬರೆದುಕೊಳ್ಳಬೇಕು.

2. ಆ ದೂರಕ್ಕೆ ಸಾಕಾಗುವಷ್ಟೇ ಶಕ್ತಿಯನ್ನು ಆರಿಸಬೇಕು. 50 ಮೀಟರಿನೊಳಗೆ 4 ಪಟ್ಟು ಬಹುಮಟ್ಟಿಗೆ ಸಾಕು.

3. ಪ್ಯಾರಲ್ಯಾಕ್ಸ್ ಹೊಂದಿಸಿರುವ ದೂರ ಮತ್ತು ಕಣ್ಣಿನ ಅಂತರವನ್ನು ಕೇಳಬೇಕು.

4. ಅಂಗಡಿಯ ದೀಪದ ಕೆಳಗೆ ನೋಡಿ ತೃಪ್ತಿಪಡದೆ, ಸಂಜೆ ಹೊರಗೆ ಬಂದು ನೆರಳಿನಲ್ಲಿರುವ ವಸ್ತುವನ್ನು ನೋಡಿ ಪರೀಕ್ಷಿಸಬೇಕು. ಅಂಚಿನಲ್ಲಿ ಚಿತ್ರ ಮಸುಕಾಗಿದ್ದರೆ ಬಿಡುವುದು ಲೇಸು.

5. ತಿರುಪುಗಳು ಸ್ಪಷ್ಟವಾಗಿ ಟಿಕ್ ಎನ್ನುತ್ತವೆಯೇ, ಬಳೆಗಳು ಕೋವಿಯ ಹಳಿಗೆ ಹೊಂದುತ್ತವೆಯೇ ಎಂದು ನೋಡಬೇಕು.

ದುರ್ಬೀನು ಗುರಿಯನ್ನು ಸ್ಪಷ್ಟವಾಗಿ ತೋರಿಸಬಲ್ಲದೇ ಹೊರತು ಹೊಡೆಯುವವನ ಕೈಯನ್ನು ಸ್ಥಿರಗೊಳಿಸಲಾರದು. ಅದಕ್ಕೆ ಅಭ್ಯಾಸವೊಂದೇ ದಾರಿ. ತನ್ನ ಕೋವಿ, ತನ್ನ ದೂರ ಮತ್ತು ತನ್ನ ಕಣ್ಣಿಗೆ ಒಪ್ಪುವ ಸಾಧಾರಣ ದುರ್ಬೀನನ್ನು ಗಟ್ಟಿಯಾಗಿ ಕೂರಿಸಿ, ಕಾನೂನಿನ ಮಿತಿಯಲ್ಲಿ ಎಚ್ಚರಿಕೆಯಿಂದ ಬಳಸುವವನಿಗೆ ಹಣವೂ ಉಳಿಯುತ್ತದೆ, ನೆರೆಹೊರೆಯವರೂ ಕ್ಷೇಮವಾಗಿರುತ್ತಾರೆ.